ಅರಬ್ಬೀ ವ್ಯಾಕರಣದಲ್ಲಿ ಗುರುಶಿಷ್ಯರ ಪ್ರಶ್ನೋತ್ತರ

ವ್ಯಾಕರಣವು ಪ್ರಶ್ನೆಗೆ ಎಡೆಗೊಡದ ಶಾಸ್ತ್ರವೆಂಬ ಭಾವನೆ ನಮ್ಮ ವಿದ್ಯಾರ್ಥಿವರ್ಗದಲ್ಲಿ ಬೇರೂರಿದೆ. ಸೂತ್ರವನ್ನು ಬಾಯಿಪಾಠ ಮಾಡುವುದು, ಅದಕ್ಕೊಂದು ಉದಾಹರಣೆ ಬರೆಯುವುದು, ಪರೀಕ್ಷೆ ಮುಗಿದ ಮೇಲೆ ಎರಡನ್ನೂ ಮರೆಯುವುದು—ಇಷ್ಟರಲ್ಲಿ ಅದರ ಆಯುಸ್ಸು ತೀರುತ್ತದೆ. ಕನ್ನಡವನ್ನು ಐಚ್ಛಿಕವಾಗಿ ಓದುತ್ತಿರುವ ನನಗೆ, ಶಬ್ದಮಣಿದರ್ಪಣದ ಪಾಠ ನಡೆಯುತ್ತಿದ್ದಾಗ, ಬೇರೆ ಭಾಷೆಗಳ ವ್ಯಾಕರಣಗಳು ಹುಟ್ಟಿದ ಬಗೆ ಹೇಗೆಂಬ ಕುತೂಹಲ ಮೂಡಿತು. ಹಾಗೆ ಓದಹೊರಟಾಗ ಅರಬ್ಬೀ ವೈಯಾಕರಣರ ಚರಿತ್ರೆ ನನ್ನನ್ನು ಹಿಡಿದು ನಿಲ್ಲಿಸಿತು. ಅಲ್ಲಿ ವ್ಯಾಕರಣ ಬೆಳೆದುದು ಶಿಷ್ಯನು ಕೇಳಿದ ಮತ್ತು ಗುರುವು ಉತ್ತರಿಸಿದ ಮಾತುಗಳಿಂದ; ಆ ಮಾತುಗಳು ಗ್ರಂಥದೊಳಗೂ ಹಾಗೆಯೇ ಉಳಿದಿವೆ.

ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಬೇಕು. ಏಳನೆಯ ಶತಮಾನದಲ್ಲಿ ಅರಬರು ಇರಾಕನ್ನು ಗೆದ್ದು, ಬಸ್ರಾ ಮತ್ತು ಕೂಫಾ ಎಂಬ ಎರಡು ದಂಡಿನ ಊರುಗಳನ್ನು ಕಟ್ಟಿದರು. ಮರುಭೂಮಿಯ ಅರಬರೂ ಹೊಸದಾಗಿ ಅರಬ್ಬೀ ಕಲಿತ ಪಾರಸಿಕರೇ ಮೊದಲಾದವರೂ ಅಲ್ಲಿ ಒಟ್ಟಿಗೆ ಬಾಳಿದರು. ಅರಬ್ಬಿಯಲ್ಲಿ ನಾಮಪದದ ಕೊನೆಯ ಸ್ವರವೇ ವಿಭಕ್ತಿಯನ್ನು ಸೂಚಿಸುತ್ತದೆ: ಸಾಮಾನ್ಯವಾಗಿ ‘ಉ’ ಬಂದರೆ ಕರ್ತೃ, ‘ಅ’ ಬಂದರೆ ಕರ್ಮ, ‘ಇ’ ಬಂದರೆ ನಮ್ಮ ಷಷ್ಠಿಯಂಥದು. ಹ್ರಸ್ವಸ್ವರಗಳನ್ನು ಬರವಣಿಗೆಯಲ್ಲಿ ಸಾಮಾನ್ಯವಾಗಿ ತೋರಿಸುವುದಿಲ್ಲ. ಆದುದರಿಂದ ಕಣ್ಣಿಗೆ ಕಾಣುವ ಪದವನ್ನು ಬಾಯಲ್ಲಿ ಸರಿಯಾಗಿ ಹೇಳಬೇಕಾದರೆ ಓದುವವನಿಗೆ ಮೊದಲೇ ವ್ಯಾಕರಣ ತಿಳಿದಿರಬೇಕು. ಒಂದು ಸ್ವರ ತಪ್ಪಿದರೆ ಹೊಡೆದವನು ಹೊಡೆಸಿಕೊಂಡವನಾಗುತ್ತಾನೆ. ಧರ್ಮಗ್ರಂಥದ ಪಾಠದಲ್ಲಿ ಇಂಥ ತಪ್ಪು ಬಂದರೆ ಎಷ್ಟು ದೊಡ್ಡ ಮಾತೆಂಬುದನ್ನು ವಿವರಿಸಬೇಕಾಗಿಲ್ಲ.

ಇಂಥ ಒಂದು ಸ್ವರದ ತಪ್ಪಿನಿಂದಲೇ ಸೀಬವೈಹಿಯ ವಿದ್ಯಾಭ್ಯಾಸ ತಿರುಗಿತೆಂದು ಹೇಳುತ್ತಾರೆ. ಇವನು ಅರಬನಲ್ಲ, ಶಿರಾಜಿನ ಸಮೀಪದ ಬೈದಾ ಎಂಬ ಊರಿನ ಪಾರಸಿಕ. ಎಂಟನೆಯ ಶತಮಾನದಲ್ಲಿ ಬಸ್ರಾಕ್ಕೆ ಬಂದು ಹಮ್ಮಾದ್ ಇಬ್ನ್ ಸಲಮಾ ಎಂಬ ಗುರುವಿನ ಬಳಿ ಪ್ರವಾದಿಯ ವಚನಗಳನ್ನು ಬರೆದುಕೊಳ್ಳುತ್ತಿದ್ದನು. ಒಂದು ವಾಕ್ಯದಲ್ಲಿ ‘ಅಬಾ’ ಎಂದಿರಬೇಕಾದಲ್ಲಿ ಇವನು ‘ಅಬೂ’ ಎಂದು ಓದಿದನು. ಹಿಂದೆ ಇದ್ದ ‘ಲೈಸ’ ಎಂಬ ಪದಕ್ಕೆ ‘ಅಲ್ಲ’ ಎಂಬ ಅರ್ಥ ಇವನಿಗೆ ಗೊತ್ತಿತ್ತು. ಆ ವಾಕ್ಯದಲ್ಲಿ ಅದಕ್ಕೆ ‘ಹೊರತು’ ಎಂಬ ಅರ್ಥವಿದ್ದುದು ಹೊಳೆಯಲಿಲ್ಲ. ಗುರು ಎಲ್ಲರೆದುರಿಗೆ ತಿದ್ದಿದನು. ಇನ್ನು ಯಾರೂ ತನ್ನನ್ನು ತಿದ್ದಲಾರದಂಥ ವಿದ್ಯೆಯನ್ನೇ ಕಲಿಯುವೆನೆಂದು ಹೇಳಿ, ತರುಣನು ಎದ್ದು ಖಲೀಲನ ಕಡೆಗೆ ಹೋದನಂತೆ.

ಖಲೀಲ್ ಇಬ್ನ್ ಅಹ್ಮದನು ಎಂಥ ಗುರುವೆಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಅರಬ್ಬೀ ಛಂದಶ್ಶಾಸ್ತ್ರವನ್ನು ವ್ಯವಸ್ಥೆಗೊಳಿಸಿದವನು ಇವನೇ. ಆ ಭಾಷೆಯ ಮೊದಲ ನಿಘಂಟಿನ ಯೋಜನೆಯೂ ಇವನದೇ. ಆ ನಿಘಂಟಿನಲ್ಲಿ ಅಕ್ಷರಗಳು ಗಂಟಲಿನಿಂದ ಹೊರಟು ತುಟಿಯವರೆಗೆ ಉಚ್ಚಾರಣಸ್ಥಾನದ ಕ್ರಮದಲ್ಲಿ ಬರುತ್ತವೆ. ನಮ್ಮ ಕಂಠ್ಯ, ತಾಲವ್ಯ, ಓಷ್ಠ್ಯಗಳ ನೆನಪಾಗದೆ ಇರದು. ಭಾರತೀಯ ಪ್ರಭಾವವಿರಬಹುದೆಂದು ಕೆಲವರು ಊಹಿಸಿದ್ದಾರೆ, ಆದರೆ ಅದು ಊಹೆಯೇ. ಇವನ ವಿದ್ಯೆಯಿಂದ ಶಿಷ್ಯರು ಹಣ ಗಳಿಸುತ್ತಿದ್ದಾಗ ಇವನು ಮಾತ್ರ ಬಸ್ರಾದಲ್ಲಿ ಜೊಂಡಿನ ಗುಡಿಸಲೊಂದರಲ್ಲಿ ವಾಸವಾಗಿದ್ದನೆಂದು ಶಿಷ್ಯನೊಬ್ಬನು ಹೇಳಿದ್ದಾನೆ.

ಸೀಬವೈಹಿ ಬರೆದ ಗ್ರಂಥಕ್ಕೆ ಅವನು ಹೆಸರಿಡಲಿಲ್ಲ. ಲೋಕವು ಅದನ್ನು ‘ಅಲ್ ಕಿತಾಬ್’, ಅಂದರೆ ‘ಪುಸ್ತಕ’ ಎಂದಷ್ಟೇ ಕರೆಯಿತು. ಅದರಲ್ಲಿ ಖಲೀಲನ ಅಭಿಪ್ರಾಯ ಆರುನೂರಕ್ಕೂ ಹೆಚ್ಚು ಸಲ ಬರುತ್ತದೆ. ಯೂನುಸ್ ಇಬ್ನ್ ಹಬೀಬನೆಂಬ ಇನ್ನೊಬ್ಬ ಗುರುವಿನದು ಇನ್ನೂರಕ್ಕೂ ಮೇಲೆ. ಎಷ್ಟೋ ಕಡೆ ಹೆಸರೂ ಇಲ್ಲ. ‘ಅವನನ್ನು ಕೇಳಿದೆನು’, ‘ಅವನು ಹೇಳಿದನು’ ಎಂದಿಷ್ಟೇ. ಹೆಸರಿಲ್ಲದೆ ‘ಅವನು’ ಎಂದಲ್ಲೆಲ್ಲ ಖಲೀಲನೆಂದೇ ತಿಳಿಯತಕ್ಕದ್ದೆಂದು ಮುಂದಿನ ವ್ಯಾಖ್ಯಾನಕಾರರು ಬರೆದರು. ಗುರುವಿನ ಹೆಸರನ್ನೇ ಹೇಳಬೇಕಾಗಿಲ್ಲದಷ್ಟು ಅವನು ಶಿಷ್ಯನ ಮನಸ್ಸನ್ನು ತುಂಬಿದ್ದನು. ಹಾಗೆಂದು ಶಿಷ್ಯನು ಬರಿಯ ಲಿಪಿಕಾರನಲ್ಲ. ಖಲೀಲನು ಹೀಗೆಂದನು, ಯೂನುಸನು ಹಾಗೆಂದನು ಎಂದು ಎರಡನ್ನೂ ಎದುರುಬದುರಾಗಿಟ್ಟು ತೂಗುತ್ತಾನೆ. ಒಪ್ಪದಿದ್ದಾಗ ಒಪ್ಪದೆಂದು ಹೇಳುತ್ತಾನೆ.

ಖಲೀಲನು ತೀರಿಕೊಂಡ ಮೇಲೆ, ಸೀಬವೈಹಿ ಅವನ ವಿದ್ಯೆಯಿಂದ ಸಾವಿರ ಹಾಳೆಯ ಪುಸ್ತಕ ಬರೆದಿದ್ದಾನೆಂಬ ಸುದ್ದಿ ಯೂನುಸನಿಗೆ ಮುಟ್ಟಿತು. ‘ಅಷ್ಟೆಲ್ಲವನ್ನೂ ಈ ಹುಡುಗ ಯಾವಾಗ ಕೇಳಿದ?’ ಎಂದು ಅವನಿಗೆ ಸಂಶಯ. ಪುಸ್ತಕವನ್ನು ತರಿಸಿಕೊಂಡು ತನ್ನ ಹೆಸರಿರುವ ಎಡೆಗಳನ್ನು ನೋಡಿದನು. ತಾನು ಹೇಳಿದುದೇ ಅಲ್ಲಿತ್ತು. ನನ್ನ ವಿಷಯದಲ್ಲಿ ಸತ್ಯ ನುಡಿದವನು ಖಲೀಲನ ವಿಷಯದಲ್ಲಿಯೂ ಸತ್ಯವನ್ನೇ ನುಡಿದಿರಬೇಕೆಂದು ಒಪ್ಪಿದನು. ಸಂಶಯಪಡುವುದೂ ಪರೀಕ್ಷಿಸುವುದೂ ಒಪ್ಪುವುದೂ ಗುರುವಿನಿಂದಲೇ ನಡೆದದ್ದನ್ನು ಓದುಗರು ಗಮನಿಸಬೇಕು.

ಹತ್ತನೆಯ ಶತಮಾನದ ಜಜ್ಜಾಜೀ ಎಂಬ ವಿದ್ವಾಂಸನು ಖಲೀಲನದೆಂದು ಒಂದು ಮಾತನ್ನು ದಾಖಲಿಸಿದ್ದಾನೆ. ನೀನು ಹೇಳುವ ಕಾರಣಗಳನ್ನು ಅರಬರಿಂದ ಕೇಳಿದೆಯೋ, ನೀನೇ ಕಂಡುಕೊಂಡೆಯೋ ಎಂದು ಯಾರೋ ಕೇಳಿದರು. ಖಲೀಲನ ಉತ್ತರದ ಸಾರಾಂಶ ಇದು: ಅರಬರು ಸ್ವಭಾವದಿಂದ ಮಾತಾಡುತ್ತಾರೆ, ಕಾರಣ ಹೇಳುವುದಿಲ್ಲ. ನಾನು ಚೆನ್ನಾಗಿ ಕಟ್ಟಿದ ಮನೆಯೊಂದನ್ನು ಹೊಕ್ಕವನಂತೆ. ಈ ಕಂಬ ಇಲ್ಲೇಕೆ, ಈ ಬಾಗಿಲು ಅಲ್ಲೇಕೆ ಎಂದು ಊಹಿಸುತ್ತೇನೆ. ಕಟ್ಟಿದವನು ಅದೇ ಕಾರಣಕ್ಕಾಗಿ ಹಾಗೆ ಮಾಡಿರಬಹುದು, ಬೇರೆ ಕಾರಣವೂ ಇರಬಹುದು. ನನ್ನದಕ್ಕಿಂತ ಹೆಚ್ಚು ಹೊಂದುವ ಕಾರಣ ಯಾರಿಗಾದರೂ ತೋರಿದರೆ ಅವರು ಅದನ್ನು ತರಲಿ. ಒಂದು ಶಾಸ್ತ್ರದ ಮೂಲಪುರುಷನು ಹೀಗೆ ಬಾಗಿಲು ತೆರೆದಿಟ್ಟ ಮೇಲೆ ಅದರ ಶಿಷ್ಯರು ಸುಮ್ಮನೆ ಕುಳಿತಾರೆಯೇ?

ಇನ್ನು ಕೂಫಾದ ಕಡೆಗೆ ಬರೋಣ. ಅಲ್ಲಿನ ಮುಖ್ಯ ಪಂಡಿತ ಕಿಸಾಈ. ಅವನೂ ಬಸ್ರಾಕ್ಕೆ ಬಂದು ಖಲೀಲನನ್ನು ಕಂಡವನೇ. ತಮಗೆ ಈ ವಿದ್ಯೆ ಎಲ್ಲಿಂದ ಬಂತೆಂದು ಅವನು ಕೇಳಲು, ಹಿಜಾಜ್, ನಜ್ದ್, ತಿಹಾಮಾಗಳ ಮರುಭೂಮಿಯಿಂದ ಎಂದು ಖಲೀಲನು ಉತ್ತರಿಸಿದನು. ಕಿಸಾಈ ಕೂಡಲೇ ಹೊರಟು, ಅಲೆಮಾರಿ ಅರಬರ ನಡುವೆ ತಿರುಗಿ, ಬಾಯಲ್ಲಿ ಕಲಿತದ್ದನ್ನು ಬಿಟ್ಟು ಬರೆದುಕೊಳ್ಳುವುದಕ್ಕೇ ಹದಿನೈದು ಸೀಸೆ ಮಸಿ ಮುಗಿಸಿದನಂತೆ. ಮುಂದೆ ಬಗ್ದಾದಿನಲ್ಲಿ ಖಲೀಫ ಹಾರೂನ್ ಅಲ್ ರಶೀದನ ಮಕ್ಕಳಿಗೆ ಗುರುವಾದನು. ಆದುದರಿಂದ ಈಗ ಹೇಳುವ ಕಥೆಯಲ್ಲಿ ಅವನನ್ನು ಬರಿಯ ಆಸ್ಥಾನಪಂಡಿತನೆಂದು ತಳ್ಳಿಹಾಕಬಾರದು.

ಆ ಕಥೆ ‘ಕಡಜದ ಪ್ರಶ್ನೆ’ ಎಂದು ಅರಬ್ಬೀ ವಿದ್ವತ್ಪ್ರಪಂಚದಲ್ಲೆಲ್ಲ ಪ್ರಸಿದ್ಧ. ಸೀಬವೈಹಿ ಬಗ್ದಾದಿಗೆ ಬಂದನು. ವಜೀರ ಯಹ್ಯಾ ಬರ್ಮಕಿಯ ಸಭೆಯಲ್ಲಿ ವಾದ ಏರ್ಪಟ್ಟಿತು. ಕಿಸಾಈ ಕೇಳಿದ ಪ್ರಶ್ನೆ ಇದು. ‘ಚೇಳಿನ ಕುಟುಕು ಕಡಜದ ಕುಟುಕಿಗಿಂತ ಉಗ್ರವೆಂದುಕೊಂಡಿದ್ದೆ; ನೋಡಿದರೆ ಅದೂ ಇದೂ ಒಂದೇ’ ಎಂಬರ್ಥದ ವಾಕ್ಯವೊಂದಿದೆ. ಅದರ ಕೊನೆಯಲ್ಲಿ ‘ಹುವ ಹಿಯ’ ಎನ್ನಬೇಕೋ, ‘ಹುವ ಇಯ್ಯಾಹಾ’ ಎನ್ನಬೇಕೋ? ಅರಬ್ಬಿಯಲ್ಲಿ ಕಡಜ ಪುಲ್ಲಿಂಗ, ಚೇಳು ಸ್ತ್ರೀಲಿಂಗ. ‘ಹುವ’ ಎಂದರೆ ಅವನು, ‘ಹಿಯ’ ಎಂದರೆ ಅವಳು, ‘ಇಯ್ಯಾಹಾ’ ಎಂದರೆ ಅವಳನ್ನು. ಕನ್ನಡದ ಹೋಲಿಕೆ ಹೇಳುವುದಾದರೆ, ‘ನೋಡಿದರೆ ಇದು ಅದೇ’ ಎನ್ನಬೇಕೋ ‘ನೋಡಿದರೆ ಇದು ಅದನ್ನೇ’ ಎನ್ನಬೇಕೋ ಎಂಬಂತೆ. ಸೀಬವೈಹಿ ಮೊದಲನೆಯದೊಂದೇ ಸಾಧುವೆಂದನು. ಕಿಸಾಈ ಎರಡೂ ಸಾಧುವೆಂದನು. ನೀವಿಬ್ಬರೂ ನಿಮ್ಮ ನಿಮ್ಮ ಊರಿನ ಶ್ರೇಷ್ಠರು. ನಿಮ್ಮ ನಡುವೆ ನ್ಯಾಯ ಹೇಳುವವರಾರು ಎಂದು ವಜೀರನು ಕೇಳಿದನು. ಬಾಗಿಲಲ್ಲಿ ಮರುಭೂಮಿಯ ಅರಬರಿದ್ದಾರೆ, ಅವರನ್ನು ಕೇಳಿ ಎಂದನು ಕಿಸಾಈ. ಅವರು ಒಳಗೆ ಬಂದು ಕಿಸಾಈಯ ಪಕ್ಷವನ್ನು ಹಿಡಿದರು. ಸೀಬವೈಹಿ ಸೋತನೆಂದಾಯಿತು. ಹತ್ತು ಸಾವಿರ ದಿರ್ಹಮ್ ಕೊಡಿಸಿ ಅವನನ್ನು ಕಳುಹಿಸಿದರು. ಅವನು ಬಸ್ರಾಕ್ಕೆ ಮರಳದೆ ಪಾರಸಿಕ ದೇಶಕ್ಕೆ ಹೋಗಿ, ಎಳೆಯ ವಯಸ್ಸಿನಲ್ಲಿಯೇ, ಸುಮಾರು 796ರಲ್ಲಿ, ತೀರಿಕೊಂಡನು.

ಸಾಕ್ಷಿಗಳಿಗೆ ಲಂಚ ಕೊಟ್ಟಿದ್ದರೆಂದು ಕೆಲವರು, ಆಸ್ಥಾನದಲ್ಲಿ ಕಿಸಾಈಯ ಸ್ಥಾನಕ್ಕೆ ಹೆದರಿದರೆಂದು ಕೆಲವರು ಹೇಳುತ್ತಾರೆ. ಕಥೆ ಹಲವು ಪಾಠಗಳಲ್ಲಿ ದೊರೆಯುತ್ತದೆ. ಬಸ್ರಾದ ಶಿಷ್ಯಪರಂಪರೆ ತನ್ನ ಗುರುವಿನ ಸೋಲಿಗೆ ಬಣ್ಣ ಕಟ್ಟಿರುವುದೂ ಸಂಭವ. ನನ್ನ ಮನಸ್ಸಿನಲ್ಲಿ ನಿಂತದ್ದು ಒಂದು ಪಾಠದಲ್ಲಿ ಬರುವ ಸಣ್ಣ ವಿವರ. ಆ ಅರಬರು ‘ಕಿಸಾಈ ಹೇಳಿದ್ದೇ ಸರಿ’ ಎಂದರೇ ಹೊರತು ಆ ವಾಕ್ಯವನ್ನು ತಮ್ಮ ಬಾಯಿಂದ ಆಡಲಿಲ್ಲ. ಸೀಬವೈಹಿ ವಜೀರನಿಗೆ, ಅದನ್ನು ಉಚ್ಚರಿಸುವಂತೆ ಇವರಿಗೆ ಅಪ್ಪಣೆ ಮಾಡಿ, ಇವರ ನಾಲಿಗೆ ಅದಕ್ಕೆ ಹೊರಳದು ಎಂದು ಹೇಳಿದನಂತೆ. ವಾದದ ತಿರುಳು ಇಲ್ಲಿದೆಯೆಂದು ನನ್ನ ಭಾವನೆ. ಭಾಷೆಯನ್ನಾಡುವವನು ಪ್ರಮಾಣವೆಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಅವನ ಮಾತು ಪ್ರಮಾಣವೋ, ಮಾತಿನ ಬಗ್ಗೆ ಅವನು ಕೊಟ್ಟ ತೀರ್ಪು ಪ್ರಮಾಣವೋ? ತೀರ್ಪನ್ನು ಹೆದರಿಸಿಯೋ ಹಣ ಕೊಟ್ಟೋ ಪಡೆಯಬಹುದು. ನಾಲಿಗೆಯ ರೂಢಿಯನ್ನು ಹಾಗೆ ಕೊಳ್ಳಲಾಗುವುದಿಲ್ಲ.

ಮುಂದಿನ ಕಥೆ ಇದಕ್ಕಿಂತ ಸ್ವಾರಸ್ಯವಾದುದು. ಸೀಬವೈಹಿಯ ಶಿಷ್ಯ ಅಖ್ಫಶನು, ಇವನು ಗುರುವಿಗಿಂತ ಹಿರಿಯ, ಬಗ್ದಾದಿಗೆ ಬಂದು, ಕಿಸಾಈ ಪಾಠ ಹೇಳುತ್ತಿದ್ದ ಮಸೀದಿಯಲ್ಲಿ ಅವನಿಗೆ ನೂರು ಪ್ರಶ್ನೆ ಹಾಕಿ ಒಂದೊಂದು ಉತ್ತರವನ್ನೂ ಖಂಡಿಸಿದನಂತೆ. ಶಿಷ್ಯರು ಹೊಡೆಯಲು ಎದ್ದರು. ಕಿಸಾಈ ಅವರನ್ನು ತಡೆದು, ಅಖ್ಫಶನನ್ನು ಅಪ್ಪಿಕೊಂಡು, ತನ್ನ ಮಕ್ಕಳಿಗೆ ಪಾಠ ಹೇಳಬೇಕೆಂದು ಇರಿಸಿಕೊಂಡನು. ಆಮೇಲೆ ಎಪ್ಪತ್ತು ದೀನಾರ್ ಕೊಟ್ಟು, ಸೀಬವೈಹಿಯ ಪುಸ್ತಕವನ್ನು ಅವನಿಂದ ಗುಟ್ಟಾಗಿ ಪಾಠ ಹೇಳಿಸಿಕೊಂಡನು. ಕಿಸಾಈಯ ಪಟ್ಟಶಿಷ್ಯ ಫರ್ರಾ ಸತ್ತಾಗ ಅವನ ತಲೆದಿಂಬಿನ ಕೆಳಗೂ ಅದೇ ಪುಸ್ತಕವಿತ್ತಂತೆ.

ಬಡ ವಿದ್ಯಾರ್ಥಿಗಳ ಮಾತೂ ಈ ಚರಿತ್ರೆಯಲ್ಲಿ ಇಲ್ಲದಿಲ್ಲ. ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಗಾಜನ್ನು ಸಾಣೆ ಹಿಡಿಯುತ್ತಿದ್ದ ತರುಣನೊಬ್ಬನಿದ್ದನು. ಜಜ್ಜಾಜ್ ಎಂಬ ಹೆಸರಿಗೆ ಗಾಜಿನವನೆಂದೇ ಅರ್ಥ. ಬಸ್ರಾದ ಮುಬರ್ರದನು ಊರಿಗೆ ಬಂದಾಗ, ಕೂಫಾ ಪಕ್ಷದ ಥಅಲಬನು ಇವನನ್ನು ಮುಬರ್ರದನ ಗೋಷ್ಠಿ ಕೆಡಿಸಲು ಕಳುಹಿಸಿದನು. ಇವನು ಪ್ರಶ್ನೆ ಹಾಕಿದನು. ಮುಬರ್ರದನು ಮನಸ್ಸೊಪ್ಪುವಂತೆ ಉತ್ತರ ಕೊಟ್ಟು, ತಾನೇ ಆ ಉತ್ತರವನ್ನು ಖಂಡಿಸಿ, ಮತ್ತೆ ತಾನೇ ಅದನ್ನು ನಿಲ್ಲಿಸಿದನು. ಕೆಡಿಸಲು ಹೋದವನು ಶಿಷ್ಯನಾಗಿ ಉಳಿದನು. ಮುಬರ್ರದನು ಬಿಟ್ಟಿ ಪಾಠ ಹೇಳುವವನಲ್ಲ. ನಿನ್ನ ಸಂಪಾದನೆಯೇನೆಂದು ಕೇಳಿದನು. ದಿನಕ್ಕೆ ಒಂದೂವರೆ ದಿರ್ಹಮ್. ಅದರಲ್ಲಿ ಒಂದನ್ನು ದಿನವೂ ತಮಗೆ ಕೊಡುತ್ತೇನೆ, ವಿದ್ಯೆ ಮುಗಿದರೂ ಮುಗಿಯದಿದ್ದರೂ ಮರಣ ನಮ್ಮನ್ನು ಅಗಲಿಸುವವರೆಗೆ ಕೊಡುತ್ತೇನೆ ಎಂದನು ಹುಡುಗ. ಮುಂದೆ ತಿಂಗಳಿಗೆ ಮೂವತ್ತು ದಿರ್ಹಮಿನ ಪಾಠದ ಕೆಲಸ ಸಿಕ್ಕಿದ ಮೇಲೂ ಆ ಕರಾರನ್ನು ನಡೆಸಿದನು. ಮುಬರ್ರದನನ್ನು ಲೋಭಿಯೆಂದವರುಂಟು. ಜೊಂಡಿನ ಗುಡಿಸಲಿನ ಖಲೀಲನ ಪಕ್ಕದಲ್ಲಿಟ್ಟರೆ ಹಾಗೆ ಕಾಣುವುದೂ ಸಹಜ. ಆದರೆ ಹಣ ತೆತ್ತ ಶಿಷ್ಯನಿಗೆ ಕೇಳುವ ಹಕ್ಕೂ ಗುರುವಿಗೆ ಹೇಳುವ ಹೊಣೆಯೂ ಬಂದವು; ಆ ಕರಾರಿನಿಂದ ಇಬ್ಬರಲ್ಲಿ ಯಾರೂ ಕೆಟ್ಟಂತೆ ನನಗೆ ತೋರುವುದಿಲ್ಲ. ಮೇಲೆ ಹೇಳಿದ ಜಜ್ಜಾಜೀ ಈ ಗಾಜಿನವನ ಶಿಷ್ಯ. ತನ್ನ ಹೆಸರನ್ನೇ ಗುರುವಿನಿಂದ ಪಡೆದವನು. ವಿದ್ವಾಂಸರ ಸಭೆಗಳಲ್ಲಿ ನಡೆದ ವಾದಗಳನ್ನು ಒಂದು ಗ್ರಂಥವಾಗಿ ಕೂಡಿಸಿದವನೂ ಅವನೇ.

ಹತ್ತನೆಯ ಶತಮಾನದ ಅಬೂ ಅಲೀ ಫಾರಿಸಿಯ ಹಲವು ಗ್ರಂಥಗಳಿಗೆ ‘ಪ್ರಶ್ನೆಗಳು’ ಎಂದೇ ಹೆಸರು: ಹಲಬಿನ ಪ್ರಶ್ನೆಗಳು, ಶಿರಾಜಿನ ಪ್ರಶ್ನೆಗಳು, ಬಗ್ದಾದಿನ ಪ್ರಶ್ನೆಗಳು. ಇವನು ಒಮ್ಮೆ ಮೋಸಲಿನ ಮಸೀದಿಯಲ್ಲಿ ಹಾದುಹೋಗುತ್ತಿದ್ದಾಗ, ಇಬ್ನ್ ಜಿನ್ನೀ ಎಂಬ ಚಿಕ್ಕ ವಯಸ್ಸಿನವನು ಪಾಠ ಹೇಳುತ್ತಿದ್ದುದನ್ನು ಕಂಡನು. ಇಬ್ನ್ ಜಿನ್ನಿಯ ತಂದೆ ಗ್ರೀಕ್ ಗುಲಾಮ. ಧಾತುವಿನ ನಡುವಣ ‘ವ’ಕಾರ ‘ಆ’ಕಾರವಾಗುವ ವಿಷಯದಲ್ಲಿ ಅಬೂ ಅಲೀ ಒಂದು ಪ್ರಶ್ನೆ ಹಾಕಿದನು. ಹುಡುಗ ತಡವರಿಸಿದನು. ದೋರೆಯೂ ಆಗದ ದ್ರಾಕ್ಷಿ ಆಗಲೇ ಒಣದ್ರಾಕ್ಷಿಯಾಗಹೊರಟಿದೆ ಎಂದು ಹಿರಿಯನು ಹಾಸ್ಯ ಮಾಡಿದನು. ಅವನು ಯಾರೆಂದು ತಿಳಿದ ಕೂಡಲೇ ಹುಡುಗ ಗೋಷ್ಠಿಯನ್ನು ಬಿಟ್ಟು ಹಿಂದೆಯೇ ನಡೆದನು. ಸುಮಾರು ನಲ್ವತ್ತು ವರ್ಷ ಜೊತೆ ಬಿಡಲಿಲ್ಲವೆಂದು ಪ್ರತೀತಿ.

ಈ ಇಬ್ನ್ ಜಿನ್ನೀ ಶಜರೀ ಎಂಬ ಮರುಭೂಮಿಯ ಅರಬನೊಡನೆ ನಡೆಸಿದ ಸಂಭಾಷಣೆಯನ್ನು ತನ್ನ ‘ಖಸಾಇಸ್’ ಎಂಬ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ‘ನಿನ್ನ ಅಣ್ಣನನ್ನು ಹೊಡೆದೆ’ ಎನ್ನಲು ಏನೆನ್ನುತ್ತೀ ಎಂದು ಕೇಳಿದನು. ಶಜರೀ ಅಣ್ಣನೆಂಬುದಕ್ಕೆ ‘ಅಖಾಕ’ ಎಂಬ ಕರ್ಮರೂಪವನ್ನು ಹೇಳಿದನು. ‘ಅಖೂಕ’ ಎನ್ನುವುದಿಲ್ಲವೇ ಎಂದರೆ, ಎಂದೆಂದಿಗೂ ಎನ್ನುವುದಿಲ್ಲವೆಂದನು. ಹಾಗಾದರೆ ‘ನಿನ್ನ ಅಣ್ಣನು ನನ್ನನ್ನು ಹೊಡೆದನು’ ಎನ್ನಲು? ಶಜರೀ ಒಡನೆಯೇ ‘ಅಖೂಕ’ ಎಂದನು. ಎಂದೆಂದಿಗೂ ಎನ್ನುವುದಿಲ್ಲವೆಂದೆಯಲ್ಲ! ಇದೇನು ಕೇಳುತ್ತೀ, ಮಾತಿನ ದಿಕ್ಕೇ ಬೇರೆಯಾಯಿತಲ್ಲ ಎಂದು ಅವನು ಬೆರಗಾದನು. ಕರ್ತೃಕರ್ಮಗಳೆಂಬ ಪಾರಿಭಾಷಿಕ ಪದಗಳನ್ನು ಕೇಳದವನು ಅವೆರಡರ ಭೇದವನ್ನು ‘ದಿಕ್ಕು’ ಎಂಬ ಒಂದು ಮಾತಿನಲ್ಲಿ ಹಿಡಿದುಬಿಟ್ಟನು. ಇನ್ನೊಮ್ಮೆ ಬಹುವಚನಗಳನ್ನು ಕೇಳಿದನು. ದುಕ್ಕಾನಿಗೆ—ಇದು ನಮ್ಮ ದುಕಾನೇ—‘ದಕಾಕೀನ್’ ಎಂದನು ಶಜರೀ. ಉಸ್ಮಾನನಿಗೆ ‘ಉಸ್ಮಾನೂನ್’ ಎಂದನು. ದುಕ್ಕಾನಿನಂತೆ ‘ಅಸಾಮೀನ್’ ಏಕಾಗದು ಎಂದು ಕೇಳಿದ್ದಕ್ಕೆ, ತನ್ನದಲ್ಲದ ಭಾಷೆಯನ್ನಾಡುವ ಮನುಷ್ಯನನ್ನು ನೀನು ಕಂಡಿದ್ದೀಯಾ ಎಂದು ತಿರುಗಿ ಕೇಳಿದನು.

ವಜೀರನ ಸಭೆಯಲ್ಲಿ ಸೀಬವೈಹಿ ಬೇಡಿ ಪಡೆಯದೆ ಹೋದ ಪರೀಕ್ಷೆ ಇದೇ ಅಲ್ಲವೇ? ಇಬ್ನ್ ಜಿನ್ನೀ ‘ಯಾವುದು ಸರಿ’ ಎಂದು ಕೇಳುವಲ್ಲಿಗೆ ನಿಲ್ಲಲಿಲ್ಲ. ವಾಕ್ಯವನ್ನು ಆಡಿಸಿ ನೋಡಿದನು, ಮತ್ತೆ ಕೆಣಕಿ ಆಡಿಸಿದನು. ನಮ್ಮ ಪತಂಜಲಿಯ ಮಹಾಭಾಷ್ಯದಲ್ಲಿ ರಥದ ಸಾರಥಿಯೊಬ್ಬನು ವೈಯಾಕರಣನಿಗೆ, ನೀನು ಸೂತ್ರದಿಂದ ಬರುವುದನ್ನು ಬಲ್ಲೆ, ಜನರಿಗೆ ಇಷ್ಟವಾದ ರೂಪವನ್ನು ಅರಿಯೆ ಎಂಬರ್ಥದಲ್ಲಿ ಚುಚ್ಚುವ ಪ್ರಸಂಗ ಸಂಸ್ಕೃತದ ಸಹಪಾಠಿಗಳಿಗೆ ನೆನಪಿರಬಹುದು. ಶಜರಿಯೂ ಆ ಸಾರಥಿಯೂ ಒಂದೇ ಜಾತಿಯವರು.

ಇರಲಿ. ಹನ್ನೆರಡನೆಯ ಶತಮಾನದಲ್ಲಿ ಬಗ್ದಾದಿನ ನಿಜಾಮಿಯಾ ವಿದ್ಯಾಲಯದಲ್ಲಿ ಓದುತ್ತಿದ್ದವರ ಕೋರಿಕೆಯಂತೆ ಇಬ್ನ್ ಅಲ್ ಅನ್ಬಾರಿಯು ಬಸ್ರಾ ಕೂಫಾಗಳ 121 ವಿವಾದಗಳನ್ನು ಸಂಗ್ರಹಿಸಿ ತೀರ್ಪು ಹೇಳಿದನು. ಏಳರಲ್ಲಿ ಮಾತ್ರ ಕೂಫಾದವರಿಗೆ ಜಯ ಕೊಟ್ಟನು. ಕೈರೋದ ಇಬ್ನ್ ಹಿಶಾಮನು (ಮರಣ 1360) ತನ್ನ ‘ಮುಗ್ನೀ’ ಎಂಬ ಗ್ರಂಥದಲ್ಲಿ ಕಡಜದ ಪ್ರಶ್ನೆಯನ್ನು ಮತ್ತೆ ಎತ್ತಿ, ಸೀಬವೈಹಿಯೇ ಸರಿಯೆಂದು ವಾದಿಸಿದನು. ಆ ‘ಮುಗ್ನೀ’ಗೆ ವ್ಯಾಖ್ಯಾನ ಬರೆದವರಲ್ಲಿ ಒಬ್ಬನ ಹೆಸರನ್ನು ನಾವು ಕನ್ನಡಿಗರು ತಿಳಿದಿರತಕ್ಕದ್ದು. ಬದ್ರುದ್ದೀನ್ ದಮಾಮೀನೀ 1362ರಲ್ಲಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ ಹುಟ್ಟಿದನು. ಅಲ್ಲಿಯೂ ಕೈರೋದಲ್ಲಿಯೂ ಪಾಠ ಹೇಳಿದನು. ನಡುವೆ ನೇಯ್ಗೆಯ ಉದ್ಯಮಕ್ಕೆ ಕೈಹಾಕಿ, ಬೆಂಕಿಬಿದ್ದು ಎಲ್ಲವನ್ನೂ ಕಳೆದುಕೊಂಡು, ಸಾಲಗಾರರಿಗೆ ಹೆದರಿ ಊರು ಬಿಟ್ಟನು. ಯೆಮನಿನಲ್ಲಿ ಕೆಲಕಾಲವಿದ್ದು, ಸಮುದ್ರದಾಟಿ ಗುಜರಾತಿಗೆ ಬಂದು, ಅಲ್ಲಿ ‘ಪರದೇಶಿಯ ಕಾಣಿಕೆ’ ಎಂಬರ್ಥದ ಹೆಸರಿನ ತನ್ನ ವ್ಯಾಖ್ಯಾನವನ್ನು ಸುಲ್ತಾನ ಅಹಮದ್ ಷಾಗೆ ಅರ್ಪಿಸಿದನು. ಅದಕ್ಕೆ ‘ಹಿಂದೀ ವ್ಯಾಖ್ಯಾನ’, ಅಂದರೆ ಹಿಂದೂಸ್ಥಾನದಲ್ಲಿ ಹುಟ್ಟಿದ ವ್ಯಾಖ್ಯಾನ, ಎಂಬ ಹೆಸರೂ ಬಂದಿತು. ಅಲ್ಲಿಂದ ಅವನು ದಕ್ಷಿಣಕ್ಕೆ ಬಹಮನೀ ರಾಜ್ಯವನ್ನು ಸೇರಿ, 1424ರಲ್ಲಿ ನಮ್ಮ ಕಲಬುರಗಿಯಲ್ಲಿ ತೀರಿಕೊಂಡನು.